ಕೆಂಪಮ್ಮನ ಅನುಮಾನ

ಮೂವತ್ತು ವರ್ಷ ವಿಜ್ಞಾನ ಪಾಠ ಮಾಡಿದ ನಾನು, ವಿಜ್ಞಾನ ಹೇಗೆ ನಡೆಯುತ್ತದೆಂದು ಕಲಿತದ್ದು ಅಡುಗೆಮನೆಯಲ್ಲಿ ಎಂದು ಒಪ್ಪಿಕೊಳ್ಳಲು ನಿವೃತ್ತಿಯಾಗಬೇಕಾಯಿತು.

ಚಿಕ್ಕರಸಿನಕೆರೆಯಿಂದಾಚೆ ನಮ್ಮ ಶಾಲೆ. ಅಲ್ಲಿ ಬಿಸಿಯೂಟ ಮಾಡುತ್ತಿದ್ದವರು ಕೆಂಪಮ್ಮ. ಅವರ ಒಲೆ ನನ್ನ ತರಗತಿಯ ಕಿಟಕಿಗೆ ಎದುರು. ಭೂಮಿ ತಿರುಗುತ್ತದೆ ಎಂದು ಪಾಠ ಮಾಡಿದ ದಿನ ಊಟಕ್ಕೆ ಕೂತರೆ, "ಅಲ್ಲ ಮೇಷ್ಟ್ರೆ, ಅಷ್ಟ್ ಜೋರಾಗಿ ತಿರುಗಿದ್ರೆ ನನ್ ಸಾರು ಯಾಕ್ ತುಳುಕಲ್ಲ?" ಎಂದರು. ನಾನು ಓಡುವ ಬಸ್ಸಿನ ಉದಾಹರಣೆ ಕೊಟ್ಟೆ. ಅವರು ಮಳವಳ್ಳಿ ಬಸ್ಸಿನಲ್ಲಿ ಸಾರಿನ ಪಾತ್ರೆ ಹಿಡಿದು ಬಂದವರು; ನನ್ನ ಉದಾಹರಣೆ ಅಲ್ಲೇ ಚೆಲ್ಲಿಹೋಯಿತು.

ಅದೇ ಶಾಲೆಯಲ್ಲಿ ಓದುತ್ತಿದ್ದ ಅವರ ಮೊಮ್ಮಗಳು ಸವಿತಾಗೆ ಆಗಾಗ ಹೊಟ್ಟೆನೋವು, ಭೇದಿ. ನನಗೆ ಶಾಲೆಯ ಹಿಂದಿನ ಬಾವಿಯ ಮೇಲೆ ಅನುಮಾನ.

"ಈ ನೀರಾ? ನಮ್ಮತ್ತೆ ಕಾಲದಿಂದ ಕುಡೀತಾವ್ನಿ. ಕಲ್ಸಕ್ಕರೆ ಇದ್ದಂಗದೆ!"

ಮದ್ದೂರಿನಿಂದ ನೀರು ಪರೀಕ್ಷಿಸುವ ಪುಟ್ಟ ಬಾಟಲಿಗಳನ್ನು ತಂದು, ಒಂದರಲ್ಲಿ ಬಾವಿನೀರಿಟ್ಟೆ. ನೀರು ಕೊಳಕಾಗಿದ್ದರೆ ಒಂದೆರಡು ದಿನದಲ್ಲಿ ಕಪ್ಪಾಗುತ್ತದೆ. ಕಪ್ಪಾಯಿತು. ಗೆದ್ದವನಂತೆ ತೋರಿಸಿದೆ.

"ನಿಮ್ ಬಾಟ್ಲಿನೇ ಕೊಳಕಾಗಿದ್ರೆ?"

ಸರಿ, ಇನ್ನೊಂದರಲ್ಲಿ ಕುದಿಸಿ ಆರಿಸಿದ ನೀರಿಟ್ಟೆ. ಅದು ಕಪ್ಪಾಗಲಿಲ್ಲ.

"ಯಾವ್ದರಲ್ಲಿ ಯಾವ ನೀರು ಅಂತ ನಿಮ್ಗೆ ಗೊತ್ತಿತ್ತಲ್ಲ! ನಿಮ್ಗೆ ಬೇಕಾದಂಗೆ ಕಂಡದೆ ಬುಡಿ."

ಬಿ.ಎಸ್ಸಿ. ಓದಿದವನಿಗೆ ಕೋಪ ಬಂತು. "ಹಾಗಾದರೆ ನೀವೇ ಮಾಡಿ" ಎಂದೆ. ಕೆಂಪಮ್ಮ ನಾಲ್ಕು ಬಾಟಲಿ ಇಸಿದುಕೊಂಡು, ಬಾಗಿಲು ಹಾಕಿಕೊಂಡು ಎರಡಕ್ಕೆ ಬಾವಿನೀರು, ಎರಡಕ್ಕೆ ಕುದಿಸಿ ಆರಿಸಿದ ನೀರು ತುಂಬಿದರು. ಬಾವಿನೀರಿದ್ದ ಎರಡಕ್ಕೆ ತಳದಲ್ಲಿ ಮಸಿ ಹಚ್ಚಿದರಂತೆ. "ತಳ ಮುಟ್ಬ್ಯಾಡಿ, ಕಪ್ಪಾಗಿರೋದ ತೆಗೆದಿಡಿ, ಸಾಕು" ಎಂದು ನನಗೆ ಅಪ್ಪಣೆಯಾಯಿತು.

ಮೂರನೆಯ ದಿನ ಎರಡು ಕಪ್ಪಾಗಿದ್ದವು. ಬೇರೆ ಇಟ್ಟೆ. ಅವರು ಒಂದೊಂದನ್ನೇ ಮಗುಚಿ ನೋಡಿದರು. ಎರಡರ ತಳದಲ್ಲೂ ಮಸಿ. ಒಲೆಯ ಮುಂದೆ ಕೂತರು.

"ಕೂಸಿಗೆ ನಾನೇ ಸೇದಿ ಸೇದಿ ಕುಡಿಸಿವ್ನಲ್ಲ ಮೇಷ್ಟ್ರೆ..."

ಮಾರನೆಯ ದಿನದಿಂದ ಅವರು ಎಲ್ಲರಿಗಿಂತ ಮೊದಲೇ ಬಂದು ಮಕ್ಕಳಿಗೆಲ್ಲ ನೀರು ಕಾಯಿಸತೊಡಗಿದರು. ಸವಿತಾಳ ಹೊಟ್ಟೆನೋವು ನಿಂತಿತು. ನಾನು ಖುಷಿಪಟ್ಟರೆ, "ಅದ್ಕೇ ನಿಂತದೆ ಅಂತ ಎಂಗೆ ಏಳೀರಿ?" ಎಂದು ಅದನ್ನೂ ಅನುಮಾನಿಸಿದರು.

ಆಮೇಲೆ ಕೆಂಪಮ್ಮ ಕೆಲಸ ಬಿಟ್ಟು ಮಳವಳ್ಳಿಯ ಮಗಳ ಮನೆ ಸೇರಿದರು. ನಾನು ಮಂಡ್ಯಕ್ಕೆ ಬಂದೆ. ಇಲ್ಲಿ ನಾನೇನು ಹೇಳಿದರೂ ನೆರೆಯವರು "ಹೌದು ಸಾರ್" ಎನ್ನುತ್ತಾರೆ. ಮೊಬೈಲಿನಲ್ಲಿ ಅದಕ್ಕೆ ತದ್ವಿರುದ್ಧವಾದದ್ದು ಬಂದರೆ ಅದಕ್ಕೂ ಹೌದೇ. ಎಲ್ಲರೂ ಒಪ್ಪುವ ಈ ಬೀದಿಯಲ್ಲಿ ನನಗೆ ಮಾತಾಡಲು ಯಾರೂ ಇಲ್ಲ ಎನ್ನಿಸುತ್ತದೆ. ಸಂಜೆಯ ಕಾಫಿಗೆ ಕೂತಾಗ ಒಂದು ಒರಟು "ಎಂಗೆ?" ಕೇಳಲು ಕಿವಿ ಕಾಯುತ್ತದೆ.

ಹೋದ ತಿಂಗಳು ತಡೆಯಲಾರದೆ ಮಳವಳ್ಳಿಗೆ ಹೋದೆ. ಕೆಂಪಮ್ಮನಿಗೆ ಮರೆವು ಬಂದಿದೆ ಎಂದು ಮಗಳು ಬಾಗಿಲಲ್ಲೇ ಹೇಳಿದಳು.

"ಅವ್ವಾ, ಇಸ್ಕೂಲ್ ಮೇಷ್ಟ್ರು ಬಂದವ್ರೆ."

ಅವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಮೇಷ್ಟ್ರು ಅಂತ ಎಂಗೆ ನಂಬಾದು?"

ಬಾವಿಯ ಕಥೆಯೆಲ್ಲ ಹೇಳಿದೆ. ಗಮನವಿಟ್ಟು ಕೇಳಿದರು.

"ಇದ್ನ ನಿಮ್ಗೆ ಯಾರಾದ್ರೂ ಏಳ್ಕೊಟ್ಟಿರಬೌದು" ಎಂದರು. ಆದರೂ ಜಗಲಿಯ ಮೇಲೆ ಜಾಗ ಮಾಡಿಕೊಟ್ಟರು. "ಕೂತ್ಕಳಿ. ನೋಡಾನ."

ಮಂಡ್ಯದ ಬಸ್ಸೊಂದು ಹೋಯಿತು. ಇನ್ನೊಂದೂ ಹೋಗಲಿ ಎಂದು ಕೂತೆ.