ಬೆಟ್ಟ ಕಾಣದ ಬೆಳಗು

ಧನುರ್ಮಾಸ ಬಂತೆಂದರೆ ಯಳಂದೂರಿನ ಫೋಟೊ ಸ್ಟುಡಿಯೊಗಳಲ್ಲಿ ನೊಣ ಹೊಡೆಯುವ ಕೆಲಸ. ಮದುವೆ ಇಲ್ಲ, ಗೃಹಪ್ರವೇಶ ಇಲ್ಲ, ನಾಮಕರಣಕ್ಕೂ ಜನ ಹಿಂದೆ ಮುಂದೆ ನೋಡುತ್ತಾರೆ. ಆದರೆ ಅಲ್ಲೇ ಒಂದು ಸ್ಟುಡಿಯೊ ಇಟ್ಟಿರುವ ಹೊನ್ನೂರಿನ ಮಹದೇವಸ್ವಾಮಿಗೆ ವರ್ಷದಲ್ಲಿ ಈ ಒಂದು ತಿಂಗಳೇ ಸಂಭ್ರಮ. ಉಳಿದ ದಿನವೆಲ್ಲ ಕೊಳ್ಳೇಗಾಲ, ಹನೂರು ಎಂದು ಛತ್ರದಿಂದ ಛತ್ರಕ್ಕೆ ಅಲೆದು, ‘ನಗಿ ಸಾ, ವಸಿ ನಗಿ’ ಎಂದು ಮದುಮಕ್ಕಳನ್ನು ಗೋಗರೆದು ಫೋಟೊ ತೆಗೆಯುತ್ತಾನೆ. ಧನುರ್ಮಾಸದಲ್ಲಿ ಮಾತ್ರ ತನಗೆ ಬೇಕಾದ್ದನ್ನು ತೆಗೆಯುತ್ತಾನೆ. ಅವನಿಗೆ ಬೇಕಾದ್ದು ಮಂಜು.

ಊರಿನವರ ತಲೆಗೆ ಇದು ಹತ್ತುವುದಿಲ್ಲ. ನಾಯಿಯೂ ಬೂದಿಗುಡ್ಡೆ ಬಿಟ್ಟು ಏಳದ ಹೊತ್ತಿಗೆ ಈ ಪುಣ್ಯಾತ್ಮ ಮಫ್ಲರ್ ಸುತ್ತಿಕೊಂಡು, ಕ್ಯಾಮೆರಾವನ್ನು ಸ್ವೆಟರಿನೊಳಗೆ ಬಚ್ಚಿಟ್ಟುಕೊಂಡು ಕೆರೆ ಏರಿಯ ಕಡೆ ಹೊರಡುತ್ತಾನೆ. ಕೇಳಿದರೆ ಅವನದೊಂದು ವಾದವಿದೆ. ಬೇಸಿಗೆ ಬಿಸಿಲಿನಲ್ಲಿ ಎಲ್ಲವೂ ಒಟ್ಟಿಗೆ ಕಣ್ಣಿಗೆ ನುಗ್ಗುತ್ತದಂತೆ: ಕರೆಂಟು ತಂತಿ, ಸಿಮೆಂಟಿನ ಜಾಹೀರಾತು, ಬೇಲಿಗೆ ಸಿಕ್ಕಿಕೊಂಡ ಪ್ಲಾಸ್ಟಿಕ್ಕು. ಮಂಜು ಅದನ್ನೆಲ್ಲ ಒರೆಸಿಹಾಕಿ ಒಂದು ತೆಂಗಿನಮರ ಕೊಡುತ್ತದೆ. ಸ್ವಲ್ಪ ಹೊತ್ತು ಕಾದರೆ ಒಂದು ಎತ್ತು ಕೊಡುತ್ತದೆ. ಇನ್ನೂ ಕಾದರೆ ಎತ್ತಿನ ಹಿಂದೆ ಒಬ್ಬ ಮನುಷ್ಯನೂ ಬರುತ್ತಾನೆ. ಚಳಿಯಲ್ಲಿ ಆ ಮನುಷ್ಯ ಕಂಕುಳಲ್ಲಿ ಕೈ ಸಿಕ್ಕಿಸಿಕೊಂಡು ತನ್ನ ಪಾಡಿಗೆ ತಾನು ನಡೆಯುತ್ತಾನೆಯೇ ಹೊರತು ಕ್ಯಾಮೆರಾ ಕಂಡು ಕ್ರಾಪು ತೀಡಿಕೊಳ್ಳುವುದಿಲ್ಲ. ಅವನನ್ನು ನಗಿಸುವ ಕೆಲಸವೂ ಇಲ್ಲ. ಮಹದೇವಸ್ವಾಮಿಗೆ ಇಷ್ಟು ಸಾಕು.

ಈ ವಾದಕ್ಕೆ ಮನೆಯಲ್ಲಿ ಮೂರು ಕಾಸಿನ ಬೆಲೆ ಇಲ್ಲ. ಅವನ ಅಕ್ಕ ಗುರುಸಿದ್ದಮ್ಮ ಇದನ್ನು ಕೇಳಿದಾಗಲೆಲ್ಲ ಮೂಗು ಮುರಿಯುತ್ತಾಳೆ. ತಾಯಿಯಿಲ್ಲದ ತಮ್ಮನನ್ನು ಸೊಂಟದ ಮೇಲೆ ಹೊತ್ತು ಸಾಕಿದವಳು ಅವಳು. ಹನೂರಿನ ಕಡೆ ಕೊಟ್ಟಿದ್ದರು. ಗಂಡ ತೀರಿಕೊಂಡ ಮೇಲೆ ತಮ್ಮನ ಮನೆಗೇ ಬಂದು, ಬಂದ ದಿನದಿಂದ ಮನೆಯ ಆಡಳಿತ ಕೈಗೆ ತೆಗೆದುಕೊಂಡಳು. ತಮ್ಮನ ಹೆಂಡತಿ ರೂಪ ಅದನ್ನು ಸಂತೋಷವಾಗಿಯೇ ಬಿಟ್ಟುಕೊಟ್ಟಿದ್ದಾಳೆ.

ಅಂಥವಳ ಕಣ್ಣಿಗೆ ನಾಲ್ಕು ವರ್ಷದ ಹಿಂದೆ ಪೊರೆ ಬರತೊಡಗಿತು. ಮೊದಲು ದಾರದ ತುದಿ ಕಾಣದಾಯಿತು, ಆಮೇಲೆ ಸೂಜಿ, ಆಮೇಲೆ ಸೂಜಿ ಹುಡುಕಿಕೊಡಲು ಬಂದವರ ಮುಖ. ಗುರುಸಿದ್ದಮ್ಮ ಜಗ್ಗಲಿಲ್ಲ. ಧ್ವನಿ ಕೇಳಿ ಜನರನ್ನು ಬೈದಳು, ಕೈಯಲ್ಲಿ ತಡವಿ ಸೊಪ್ಪು ಬಿಡಿಸಿದಳು. ಬೆಳಿಗ್ಗೆ ಎದ್ದ ಕೂಡಲೇ ಅಂಗಳಕ್ಕೆ ಬಂದು ಬಿಳಿಗಿರಿರಂಗನ ಬೆಟ್ಟಕ್ಕೆ ಕೈ ಮುಗಿಯುವುದು ಅವಳ ಚಿಕ್ಕಂದಿನ ರೂಢಿ. ಅದನ್ನೂ ಬಿಡಲಿಲ್ಲ, ಅಂಗಳದ ಕಲ್ಲುಕಂಬ ತಡವಿ ನಿಂತು ಅಂದಾಜಿನ ಮೇಲೆ ಮುಗಿದಳು.

ಅಂದಾಜು ಮಾತ್ರ ಬರುಬರುತ್ತಾ ಬಲಕ್ಕೆ ವಾಲಿತು. ಬೆಟ್ಟ ಒಂದು ಕಡೆ, ಇವಳ ಕೈ ಒಂದು ಕಡೆ. ಈಗ ಎರಡು ವರ್ಷದಿಂದ ಅವಳು ದಿನಾ ಭಕ್ತಿಯಿಂದ ಕೈ ಮುಗಿಯುತ್ತಿದ್ದುದು ಪಕ್ಕದ ಮನೆ ಕೆಂಚಯ್ಯನ ದನದ ಕೊಟ್ಟಿಗೆಗೆ. ಮೊದಮೊದಲು ಹಾಲು ಕರೆಯುತ್ತಾ ಕೂತಿರುತ್ತಿದ್ದ ಕೆಂಚಯ್ಯನಿಗೆ ಬಹಳ ಮುಜುಗರವಾಗುತ್ತಿತ್ತು. ಈಚೆಗೆ ಆ ಹೊತ್ತಿಗೆ ಎದ್ದು ಪಕ್ಕಕ್ಕೆ ಸರಿದು ನಿಲ್ಲುತ್ತಾನೆ. ಅಕ್ಕನಿಗೆ ಹೇಳಲು ಯಾರಿಗೂ ಬಾಯಿ ಬರಲಿಲ್ಲ, ಮಹದೇವಸ್ವಾಮಿಗಂತೂ ಬರಲೇ ಇಲ್ಲ.

ಪೊರೆ ತೆಗೆಸು ಎಂದು ಅವನು ಅಕ್ಕನ ಬೆನ್ನು ಹತ್ತಿದ. ಅವಳಿಗೆ ಭಯ.

“ಈಗ ಬೆಳಕು ಯಾವ್ದು ಕತ್ಲೆ ಯಾವ್ದು ಅಂತನಾದ್ರೂ ಗೊತ್ತಾಯ್ತದೆ ಕಣ್ಲಾ. ಇರೋ ಅದೊಂದೂ ಓಗ್ಬುಟ್ರೆ ನೀ ತಂದ್ಕೊಟ್ಟೀಯಾ?”

“ಎಲ್ಲೂ ಓಗದಿಲ್ಲ ಕನಕ್ಕ. ನಿಂಗೆ ಬೆಟ್ಟ ಕಾಣ್ನಿಲ್ಲ ಅಂದ್ರೆ ನನ್ನ ಕೇಳು.”

ಈ ಮಾತಿಗೆ ಅವಳು ಒಪ್ಪಿದಳು. ಕೊಳ್ಳೇಗಾಲದ ಕ್ಯಾಂಪಿನಲ್ಲಿ ಪರೀಕ್ಷೆ ಮಾಡಿದರು, ಮೈಸೂರಿನ ಆಸ್ಪತ್ರೆಯಲ್ಲಿ ಬಲಗಣ್ಣಿನ ಪೊರೆ ತೆಗೆದರು. ಮಾರನೆಯ ದಿನ ಪಟ್ಟಿ ಬಿಚ್ಚಿ ಡಾಕ್ಟರು ಎರಡು ಬೆರಳು ತೋರಿಸಿದಾಗ ಎರಡು ಎಂದಳು. ಅಷ್ಟು ಹೇಳಿ, ಕಪ್ಪು ಕನ್ನಡಕ ಹಾಕಿಸಿಕೊಂಡು, ಅದರ ಹಿಂದೆ ಕಣ್ಣು ಮುಚ್ಚಿಯೇ ಬಿಟ್ಟಳು. ಬಸ್ಸಿನಲ್ಲಿ ತಮ್ಮ ಗೋಗರೆದರೂ ತೆರೆಯಲಿಲ್ಲ.

“ಮೂಗಿನ್ ತಾವ ಬೆರಳು ಇಡುದ್ರೆ ಯಾರ್ಗ್ ತಾನೆ ಕಾಣದಿಲ್ಲ. ನಾ ಮೊದ್ಲು ನೋಡೋದು ರಂಗಪ್ಪನ್ ಬೆಟ್ಟವ. ಆಮೇಕೆ ನಿಮ್ಮನ್ನೆಲ್ಲ ನೋಡ್ತೀನಿ. ಸುಮ್ಕೆ ಕುಂತ್ಕೊ.”

ಯಳಂದೂರು ತಲುಪುವಷ್ಟರಲ್ಲಿ ಕತ್ತಲಾಗಿತ್ತು. ಕೈ ಹಿಡಿಸಿಕೊಂಡು ಮನೆ ಸೇರಿ, ಕಣ್ಣು ಮುಚ್ಚಿಯೇ ಉಂಡು, ಮಲಗಿದಳು. ಇಂಥ ಹಟಮಾರಿಯನ್ನು ನಾನಂತೂ ಕಂಡಿಲ್ಲ.

ಬೆಳಗಿನ ಜಾವ ಮಹದೇವಸ್ವಾಮಿ ಕಿಟಕಿ ತೆರೆದ. ಆ ವರ್ಷ ಅಂಥ ಮಂಜು ಬಿದ್ದೇ ಇರಲಿಲ್ಲ. ಅಂಗಳದ ದಾಸವಾಳ ಗಿಡವೇ ಅರ್ಧ ಕರಗಿತ್ತು. ಅಕ್ಕ ಇನ್ನೂ ಮಲಗಿದ್ದಾಳೆ, ಒಂದು ಗಳಿಗೆ ಹೋಗಿಬರೋಣ ಎಂದು ಕ್ಯಾಮೆರಾ ಎತ್ತಿಕೊಂಡು ಹೊರಟ. ಕೆರೆ ಏರಿಯ ಮೇಲೆ ಅವನ ಅದೃಷ್ಟ ಖುಲಾಯಿಸಿತ್ತು. ಕಬ್ಬಿನ ಗಾಡಿಯೊಂದು ಬಿಳುಪಿನೊಳಗಿಂದ ಮೊದಲು ಕೊಂಬು, ಆಮೇಲೆ ಮೂತಿ ಎಂದು ಬಿಡಿಬಿಡಿಯಾಗಿ ಬಂತು. ಎತ್ತಿನ ಉಸಿರು ಹೊಗೆಯಾಡುತ್ತಿತ್ತು. ಗದ್ದೆಯ ಬದುವಿನಲ್ಲಿ ಯಾರೋ ಹುಲ್ಲಿಗೆ ಬೆಂಕಿ ಹಾಕಿ ಕೈ ಕಾಯಿಸುತ್ತಿದ್ದರು. ಆ ಕೆಂಪು ಒಂದೇ ಬಣ್ಣ, ಉಳಿದುದೆಲ್ಲ ಬಿಳಿ. ಖುಷಿ ತಡೆಯಲಾರದೆ ಒಬ್ಬನೇ ನಗುತ್ತಾ ಮನೆಗೆ ಬಂದ.

ಬಾಗಿಲಲ್ಲಿ ರೂಪ ಮುಖ ಸಣ್ಣಗೆ ಮಾಡಿಕೊಂಡು ನಿಂತಿದ್ದಳು. ಜಗಲಿಯ ಮೇಲೆ ಗುರುಸಿದ್ದಮ್ಮ, ಒಡೆಯರಪಾಳ್ಯದಲ್ಲಿ ಟಿಬೆಟಿನವರಿಂದ ಕೊಂಡ ನೀಲಿ ಸ್ವೆಟರ್ ತೊಟ್ಟು, ಗೋಡೆ ಕಡೆ ತಿರುಗಿ ಕೂತಿದ್ದಳು. ಕನ್ನಡಕ ಮಡಿಲಲ್ಲಿತ್ತು. ಕಣ್ಣು ಮುಚ್ಚಿತ್ತು.

“ಬರ್ನಿಲ್ಲ ಕನಪ್ಪ,” ಎಂದಳು ಹೆಜ್ಜೆ ಸಪ್ಪಳ ಕೇಳಿ. “ಕಣ್ಣು ಬರ್ನಿಲ್ಲ. ಬಾಗ್ಲು ದಾಟಿ ಕಣ್ಬುಟ್ಟು ನೋಡ್ದಿ. ಅದೇ ಬೆಳ್ಳಗೆ. ಮೊದ್ಲು ಎಂಗಿತ್ತೋ ಅಂಗೇ ಅದೆ.”

ಅವಳು ಬೈದಿದ್ದರೆ ಅವನು ತಡೆದುಕೊಳ್ಳುತ್ತಿದ್ದ. ಬೈಯಲಿಲ್ಲ. ನನ್ನ ಕೇಳು ಎಂದು ಎದೆ ತಟ್ಟಿ ಹೇಳಿದವನು ಅವನು. ಅವಳು ಈಗ ಕೇಳಿದರೆ ಏನು ಕೊಡುವುದು? ಅಳು ಬಂತು. ಅವಳ ಪಕ್ಕ ಕುಸಿದು ಕೂತ.

“ಬೆಟ್ಟ ವಸೀನೂ ಕಾಣ್ನಿಲ್ವಾ?”

“ಬೆಟ್ಟ ಎಲ್ ಬಂತಪ್ಪ. ಕೆಂಚಯ್ಯನ್ ಮನೆನೇ ಇಲ್ಲ.”

ಆಗ ಅವನಿಗೆ ಹೊಳೆಯಿತು. ಬೆಳಗಿನಿಂದ ಯಾವುದನ್ನು ಬೆನ್ನಟ್ಟಿ ತಿರುಗಿದ್ದನೋ ಅದನ್ನೇ ಮರೆತಿದ್ದ.

“ಅಕ್ಕ, ಮಂಜು ಕನಕ್ಕ. ಮಂಜು ಬಿದ್ದದೆ. ನಂಗೂ ಕಾಣದಿಲ್ಲ ಬೆಟ್ಟ. ಯಾರ್ಗೂ ಕಾಣದಿಲ್ಲ.”

“ನನ್ ಸಮಾಧಾನಕ್ಕೆ ಏಳ್ಬೇಡ ಬುಡು.”

“ಇಲ್ಲ ಕನತ್ಗೆ, ದಿಟವಾಗೂ ಮಂಜೇಯ,” ಎಂದಳು ರೂಪ.

“ನೀನು ಅವ್ನ ಎಂಡ್ರು, ಅವ್ನಂಗೇ ಏಳ್ತೀಯೆ.”

ಸಾಕ್ಷಿಗೆ ಬೆಟ್ಟವೇ ಬರಬೇಕಿತ್ತು, ಬೆಟ್ಟ ಏಳುವಂತೆ ಕಾಣಲಿಲ್ಲ. ಜೀವಮಾನದಲ್ಲಿ ಮೊದಲ ಸಲ ಮಹದೇವಸ್ವಾಮಿ ಮಂಜಿನ ಮೇಲೆ ಸಿಟ್ಟಾದ. ಹಾಳಾದ್ದು ತೊಲಗಬಾರದೇ ಎಂದುಕೊಂಡ. ಅದಕ್ಕೆ ಇವನ ಸಿಟ್ಟು ನಾಟಲಿಲ್ಲ, ಇನ್ನಷ್ಟು ಒತ್ತಾಗಿ ಬಂದು ಜಗಲಿಯ ಕಂಬಕ್ಕೆ ತಾಗಿತು.

ಅಷ್ಟರಲ್ಲಿ ಕಣ್ಣಿಗೆ ಔಷಧಿ ಹಾಕುವ ಹೊತ್ತಾಗಿತ್ತು. ರೂಪ ಬಾಟಲಿ ತಂದುಕೊಟ್ಟಳು. ಮಹದೇವಸ್ವಾಮಿ ಕೈ ತೊಳೆದು ಬಂದು, ಮಫ್ಲರ್ ಬಿಚ್ಚಿ ಪಕ್ಕಕ್ಕೆಸೆದು, ಅಕ್ಕನ ಮುಖದ ಮೇಲೆ ಬಗ್ಗಿದ.

“ಕಣ್ಬುಡು. ನನ್ ಮ್ಯಾಲಿನ ಕ್ವಾಪ ಔಷ್ದಿ ಮ್ಯಾಲ್ ತೋರ್ಬೇಡ.”

ಗುರುಸಿದ್ದಮ್ಮ ಒಲ್ಲದ ಮನಸ್ಸಿನಿಂದ ಕಣ್ಣು ತೆರೆದಳು. ಹನಿ ಬೀಳುವ ಮೊದಲೇ ಅವಳ ಕೈ ಮೇಲೆದ್ದು ತಮ್ಮನ ಮಣಿಕಟ್ಟು ಹಿಡಿಯಿತು.

“ತಡಿ.”

ತಡೆದ. ಅವಳು ಅವನನ್ನೇ ನೋಡಿದಳು. ಹಣೆ ನೋಡಿದಳು, ಮೀಸೆ ನೋಡಿದಳು.

“ಲೇ ಮಾದೇವ, ನಿನ್ ತಲೆ ಯಾವಾಗ್ಲಾ ಇಷ್ಟ್ ಬೆಳ್ಳಗಾಯ್ತು?”

ಅವಳು ಎರಡೂ ಕೈಯಲ್ಲಿ ಅವನ ತಲೆ ಹಿಡಿದು ಆ ಕಡೆ ಈ ಕಡೆ ತಿರುಗಿಸಿ ನೋಡಿದಳು. ಆಮೇಲೆ ರೂಪಳನ್ನು ಹತ್ತಿರ ಕರೆದು, ಯಾಕಿಂಗೆ ಸೊರಗೋಗಿದ್ದೀಯೆ, ಇವ್ನು ಕೂಳ್ ಆಕಾದಿಲ್ವಾ ಎಂದು ವಿಚಾರಿಸಿದಳು. ರೂಪ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ಔಷಧಿ ಹಾಕಿಸಿಕೊಂಡು, ಕಣ್ಣು ತಿಳಿಯಾಗುವವರೆಗೆ ಕಾದು, ಗುರುಸಿದ್ದಮ್ಮ ಕನ್ನಡಕ ಹಾಕಿ ಅಂಗಳಕ್ಕಿಳಿದಳು. ಎರಡು ಹೆಜ್ಜೆಗೊಮ್ಮೆ ಕನ್ನಡಕ ಎತ್ತಿ ನೋಡುವುದು, ಮತ್ತೆ ಇಳಿಸುವುದು. ಬೇಲಿಯ ಕಡ್ಡಿಗಳ ನಡುವೆ ಜೇಡ ಬಲೆ ಕಟ್ಟಿತ್ತು, ಎಳೆಯೆಳೆಗೂ ಇಬ್ಬನಿ ಕೂತಿತ್ತು. ಅದರ ಮುಂದೆ ನಿಂತವಳು ಅಲ್ಲಾಡಲೇ ಇಲ್ಲ.

“ಇಷ್ಟ್ ಸಣ್ಣ ಹನಿನೂ ಕಾಣ್ತದೆ ಕಣೋ,” ಎಂದಳು.

ಮಹದೇವಸ್ವಾಮಿ ಇದೇ ಸಮಯವೆಂದು, ಕ್ಯಾಮೆರಾದ ಹಿಂದಿನ ಪರದೆಯಲ್ಲಿ ಆ ಬೆಳಗಿನ ಫೋಟೊಗಳನ್ನು ತೋರಿಸಿದ. ಅವಳು ಒಂದೊಂದನ್ನೂ ಶ್ರದ್ಧೆಯಿಂದ ನೋಡಿದಳು.

“ಇದ್ನ ತಗ್ಯಾಕಾ ನೀ ಚಳೀಲಿ ಎದ್ದೋಯ್ತಿದ್ದುದು? ನಾಕೊರ್ಸ ನಾ ಇದ್ನೇ ಮನೇಲ್ ಕುಂತು ನೋಡಿವ್ನಿ ಕಣ್ಲಾ.”

ರೂಪ ಅಳುವಿನ ನಡುವೆಯೇ ನಕ್ಕುಬಿಟ್ಟಳು. ಕಬ್ಬಿನ ಗಾಡಿಯ ಫೋಟೊ ಬಂದಾಗ ಮಾತ್ರ ಅಕ್ಕ ಮುಂದಕ್ಕೆ ಹೋಗಗೊಡಲಿಲ್ಲ. ಎತ್ತಿನ ಮೂತಿ ಚೆಂದಾಗಿ ಅದೆ ಎಂದಳು. ಆ ಒಂದು ಮಾತಿಗೆ ಮಹದೇವಸ್ವಾಮಿ ಹಿಗ್ಗಿಹೋದ.

ಹೊತ್ತೇರಿತು. ಮಂಜು ಮೊದಲು ಹಳದಿಯಾಗಿ, ಆಮೇಲೆ ತೆಳುವಾಗಿ, ತೆಂಗಿನ ಗರಿಗಳನ್ನು ಒಂದೊಂದಾಗಿ ಬಿಟ್ಟುಕೊಡತೊಡಗಿತು. ಅವುಗಳ ಹಿಂದೆ, ಕೆಂಚಯ್ಯನ ಮನೆಯ ಎಡಕ್ಕೆ, ನೀಲಿಯಾಗಿ ಬೆಟ್ಟ ಎದ್ದಿತು. ಗುರುಸಿದ್ದಮ್ಮ ಚಪ್ಪಲಿ ಕಳಚಿದಳು, ಸ್ವೆಟರಿನ ಮೇಲೆ ಸೆರಗು ಹೊದ್ದಳು, ಕೈ ಮುಗಿದಳು. ಕೆನ್ನೆಯ ಮೇಲೆ ನೀರಿಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ಬಹಳ ಹೊತ್ತು ಹಾಗೇ ನಿಂತು, ಕೈ ಇಳಿಸಿ, ತಾನು ನಿಂತ ಜಾಗ ನೋಡಿಕೊಂಡಳು. ದಿನಾ ಕೈಗೆ ಆಸರೆಯಾಗುತ್ತಿದ್ದ ಕಲ್ಲುಕಂಬ ನೋಡಿದಳು. ಅದರ ನೇರಕ್ಕೆ ಕಣ್ಣು ಹಾಯಿಸಿದಳು. ಅಲ್ಲಿ ಕೊಟ್ಟಿಗೆಯಲ್ಲಿ ಕೆಂಚಯ್ಯ, ಕೈ ಮುಗಿಯುವ ಹೊತ್ತಾಯಿತಲ್ಲ ಎಂದು, ಚೊಂಬು ಹಿಡಿದು ವಿನಯವಾಗಿ ಪಕ್ಕಕ್ಕೆ ಸರಿದು ನಿಂತಿದ್ದ. ಅವನ ಸೀಮೆ ಹಸು ಮೆಲುಕು ಹಾಕುತ್ತಾ ಇವಳನ್ನೇ ನೋಡುತ್ತಿತ್ತು.

“ಮಾದೇವ,” ಎಂದಳು ಗುರುಸಿದ್ದಮ್ಮ. “ನಾ ಇಷ್ಟ್ ದಿಸ ಕೈ ಮುಗ್ದಿದ್ದು ಯಾರ್ಗೆ?”

ಮಹದೇವಸ್ವಾಮಿ ಕ್ಯಾಮೆರಾದಲ್ಲಿ ಏನೋ ಸರಿಮಾಡುವವನಂತೆ ತಲೆ ತಗ್ಗಿಸಿದ.

“ಗೊತ್ತಿದ್ರೂ ಏಳ್ನಿಲ್ವಲ್ಲೋ.”

“ರಂಗಪ್ಪ ನಿನ್ ಕಡೀಕೇ ತಿರುಗ್ಕಂಡಿರ್ತಾನೆ ಅನ್ಕಂಡು ಸುಮ್ಗಾದಿ ಕನಕ್ಕ.”

ಬೈಗುಳ ಬರುತ್ತದೆಂದು ಕಾದ. ಬರಲಿಲ್ಲ. ಗುರುಸಿದ್ದಮ್ಮ ಬೆಟ್ಟ ನೋಡಿದಳು, ಹಸು ನೋಡಿದಳು. ಆಮೇಲೆ ಸೆರಗು ಸರಿಮಾಡಿಕೊಂಡು, ಕೊಟ್ಟಿಗೆಯ ಕಡೆ ತಿರುಗಿ, ಮೊದಲಿನಷ್ಟೇ ಭಕ್ತಿಯಿಂದ ಕೈ ಮುಗಿದಳು.

“ಕಣ್ಣಿಲ್ದಾಗ ನನ್ನ ಕಾಯ್ದೋಳು ಇವ್ಳೇಯ,” ಎಂದಳು. “ಈಗ ಬುಟ್ಬುಟ್ರೆ ಬೇಜಾರ್ ಮಾಡ್ಕತ್ತಳೆ.”

ಮಹದೇವಸ್ವಾಮಿ ಆಗ ಕ್ಯಾಮೆರಾ ಎತ್ತಿದ. ಆ ಫೋಟೊ ಈಗ ಅವನ ಸ್ಟುಡಿಯೊದ ಬಾಗಿಲಲ್ಲಿ ದೊಡ್ಡದಾಗಿ ತೂಗುಬಿದ್ದಿದೆ. ಅದರಲ್ಲಿ ಮಂಜು ಒಂದಿಷ್ಟೂ ಇಲ್ಲ.