ಪಕ್ಕದ ಎಲೆಯ ಮೇಲೆ ಕಣ್ಣು

ದೆಹಲಿಯ ರೋಹಿಣಿ ಬಡಾವಣೆಯ ಕನ್ನಡ ಸಂಘದಲ್ಲಿ ಊಟದ ಪಂಕ್ತಿ ಕೂತಿತೆಂದರೆ ಬಡಿಸುವವರು ಮೊದಲು ಕೇಳುತ್ತಿದ್ದುದು ಒಂದೇ ಮಾತು: "ಇಂದುವೂ ಚಂದ್ರುವೂ ಎಲ್ಲಿ ಕೂತಿದ್ದಾರೆ?" ಹೋಳಿಗೆಯ ಬುಟ್ಟಿ ಅವರಿಬ್ಬರ ಕಡೆಗೆ ಕೊನೆಯಲ್ಲಿ ಹೋಗಬೇಕು, ಮೊದಲೇ ಹೋದರೆ ಮಿಕ್ಕವರ ಎಲೆಗೆ ಬರೀ ಪಾಯಸವೇ ಗತಿ ಎಂದು ಹೆಂಗಸರು ನಗುತ್ತಿದ್ದರು. ಇಂದುಶೇಖರ, ಚಂದ್ರಶೇಖರ. ಹೆಸರಿನ ಅರ್ಥವೂ ಒಂದೇ, ಹಸಿವೂ ಒಂದೇ.

ಇಂದುಶೇಖರ ಕಡೂರಿನವನು. ಇಪ್ಪತ್ತೈದು ವರ್ಷದ ಹಿಂದೆ ಮಾನೇಸರ್‌ನ ಒಂದು ಕಾರಿನ ಬಿಡಿಭಾಗಗಳ ಕಾರ್ಖಾನೆಗೆ ಕೆಲಸಕ್ಕೆ ಸೇರಿ, ಈಗ ಅಲ್ಲೇ ಗುಣಮಟ್ಟ ಪರೀಕ್ಷೆಯ ವಿಭಾಗದಲ್ಲಿ ಮೇಲ್ವಿಚಾರಕ. ಮದುವೆಗೆ ಮುಂಚೆ ಪೀತಮ್‌ಪುರದಲ್ಲಿ ಮಹಡಿಯ ಮೇಲಿನ ಒಂದೇ ಕೋಣೆಯನ್ನು ಚನ್ನಪಟ್ಟಣದ ಚಂದ್ರಶೇಖರನ ಜೊತೆ ಹಂಚಿಕೊಂಡಿದ್ದ. ಚಂದ್ರುವಿಗೆ ವಿಮಾ ಕಚೇರಿಯಲ್ಲಿ ಕೆಲಸ. ಹಿಂದಿ ಬಾರದ, ಚಳಿ ತಡೆಯದ ಆ ಇಬ್ಬರು ಹುಡುಗರನ್ನು ಹಿಡಿದು ನಿಲ್ಲಿಸಿದ್ದು ಊಟ. ಭಾನುವಾರ ಬಂದರೆ ಪರಾಠ ಎಲ್ಲಿ ಚೆನ್ನಾಗಿದೆ, ಜಿಲೇಬಿ ಎಲ್ಲಿ ಬಿಸಿಯಾಗಿದೆ ಎಂದು ಊರೆಲ್ಲ ಸುತ್ತುವರು. ಆಮೇಲೆ ಮದುವೆಗಳಾದವು, ಮಕ್ಕಳಾದವು, ಇಂದುಶೇಖರ ರೋಹಿಣಿಗೆ ಬಂದ, ಚಂದ್ರು ಪೀತಮ್‌ಪುರದಲ್ಲೇ ಉಳಿದ. ಭಾನುವಾರದ ಸುತ್ತಾಟ ಮಾತ್ರ ನಿಲ್ಲಲಿಲ್ಲ.

ಅದು ನಿಂತದ್ದು ಆ ವರ್ಷದ ಯುಗಾದಿಯಿಂದ.

ಅಂದು ಪಂಕ್ತಿಯಲ್ಲಿ ಇಬ್ಬರೂ ಎಂದಿನಂತೆ ಅಕ್ಕಪಕ್ಕ ಕೂತಿದ್ದರು. ಅನ್ನಕ್ಕೆ ಕೈ ಹಾಕುವ ಮುನ್ನ ಚಂದ್ರು ಫೋನು ತೆಗೆದು ಎಲೆಯ ಫೋಟೋ ಹಿಡಿದ. ಇಂದುಶೇಖರ ನಕ್ಕ.

"ಏನೋ ಇದು, ಎಲೆಗೂ ಆಧಾರ್ ಕಾರ್ಡ್ ಮಾಡಿಸ್ತಿದೀಯಾ?"

ಸುತ್ತಲಿದ್ದವರೂ ನಕ್ಕರು. ಚಂದ್ರುವೂ ನಕ್ಕ. "ಶುಗರ್ ಜಾಸ್ತಿ ಬಂದಿದೆ ಕಣೋ. ತಿನ್ನಬೇಡ ಅಂದ್ರೆ ನನ್ನ ಕೈಲಿ ಆಗಲ್ಲ ಅಂತ ಡಾಕ್ಟ್ರಿಗೆ ಹೇಳ್ಬಿಟ್ಟೆ. ಸರಿ, ತಿಂದಿದ್ದನ್ನೆಲ್ಲ ಬರಿ, ಬೇರೇನೂ ಮಾಡಬೇಡ ಅಂದ್ರು. ಬರೀತಿದೀನಿ."

ಒಂದು ಹೋಳಿಗೆ ತಿಂದ. ಬುಟ್ಟಿ ಎರಡನೇ ಸಲ ಬಂದಾಗ ಎಲೆಯ ಮೇಲೆ ಅಂಗೈ ಅಡ್ಡ ಹಿಡಿದ. ಇಂದುಶೇಖರ ತನ್ನ ಪಾಲಿನದನ್ನೂ ಅವನ ಪಾಲಿನದನ್ನೂ ತಿಂದು, ಈ ಆಟ ಒಂದು ವಾರ ನಡೆದರೆ ಹೆಚ್ಚು ಎಂದುಕೊಂಡ.

ಆಟ ನಿಲ್ಲಲಿಲ್ಲ. ಬೇಸಿಗೆಯ ಬಿಸಿಗಾಳಿ ಲೂ ಬೀಸುವ ಹೊತ್ತಿಗೆ ಚಂದ್ರುವಿನ ಹೊಟ್ಟೆ ಅಂಗಿಯೊಳಗೆ ಎಲ್ಲಿ ಹೋಯಿತೆಂದೇ ತಿಳಿಯದಾಯಿತು. ಕೆನ್ನೆ ಇಳಿದು ಮೂಗು ಎದ್ದು ಕಾಣತೊಡಗಿತು. ಅದೂ ಅವನಿಗೆ ಒಪ್ಪುತ್ತಿತ್ತು. ಸಂಘದಲ್ಲಿ ನಾಲ್ಕು ಜನ ಸೇರಿದ ಕಡೆ ಅವನದೇ ಮಾತು. ಹೇಗೆ ಮಾಡಿದಿರಿ, ಏನು ಬಿಟ್ಟಿರಿ ಎಂದು ಕೇಳುವವರೆಲ್ಲ ಸೇರಿ ಕೊನೆಗೆ ವಾಟ್ಸಾಪ್‌ನಲ್ಲಿ 'ತಿಂದದ್ದು' ಎಂಬ ಗುಂಪು ಮಾಡಿಕೊಂಡರು. ಏನನ್ನೂ ಬಿಡಬೇಕೆಂದಿಲ್ಲ, ತಿಂದದ್ದನ್ನು ತಿಂದ ಕೂಡಲೇ ಅದರಲ್ಲಿ ಬರೆಯಬೇಕು, ಅಷ್ಟೇ ನಿಯಮ. ಇಂದುಶೇಖರನನ್ನೂ ಕರೆದರು. "ನಾನು ಊಟ ಮಾಡೋನು, ವರದಿ ಒಪ್ಪಿಸೋನಲ್ಲ" ಎಂದು ಅವನು ತಿರುಗಿಸಿ ಹೇಳಿದ. ಅವನ ಹೆಂಡತಿ ಸರಳಾ ಸೇರಿಕೊಂಡಳು.

ಅಲ್ಲಿಂದ ಮನೆಯಲ್ಲೂ ನೆಮ್ಮದಿ ಹೋಯಿತು. ತಟ್ಟೆ ಮುಂದಿಟ್ಟುಕೊಂಡು ಸರಳಾ ಮೊದಲು ಫೋನು ನೋಡುವಳು, ಆಮೇಲೆ ಗಂಡನ ಮುಖ. "ಚಂದ್ರಣ್ಣ ಹೇಳಿದ್ರು, ಟೀ ಜೊತೆ ತಿನ್ನೋ ಬಿಸ್ಕತ್ತೂ ಬರೀಬೇಕಂತೆ." "ಚಂದ್ರಣ್ಣ ಹೇಳಿದ್ರು, ಒಂದು ದಿನ ತಪ್ಪಿದ್ರೆ ಬೇಜಾರಿಲ್ಲ, ಎರಡನೇ ದಿನ ತಪ್ಪಬಾರದಂತೆ." ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ತಾನು ಹೇಳಿದ ಒಂದು ಮಾತನ್ನಾದರೂ ಇವಳು ಹೀಗೆ ಇನ್ನೊಬ್ಬರ ಮುಂದೆ ಹೇಳಿದ್ದಾಳೆಯೇ ಎಂದು ಇಂದುಶೇಖರ ಯೋಚಿಸಿ ನೋಡಿದ. ಒಂದೂ ನೆನಪಾಗಲಿಲ್ಲ.

ಕಾಲೇಜಿಗೆ ಹೋಗುವ ಮಗಳು ಕೃತಿಯದು ಇನ್ನೊಂದು. "ಪಪ್ಪಾ, ಚಂದ್ರು ಅಂಕಲ್ ಕಿತ್‌ನೇ ಫಿಟ್ ಲಗ್ ರಹೇ ಹೈಂ! ನೀವೂ ಮಾಡಿ ನಾ."

"ಅವನಿಗೆ ರೋಗ ಬಂದಿದೆ, ಮಾಡ್ತಾನೆ. ನನಗೇನು ಬಂದಿದೆ?" ಎಂದು ಇಂದುಶೇಖರ ರೇಗಿದ. ಬಂದಿದ್ದು ಹೊಟ್ಟೆಕಿಚ್ಚು. ಅದು ರಕ್ತ ಪರೀಕ್ಷೆಯಲ್ಲಿ ಕಾಣುವಂಥದ್ದಲ್ಲ.

ಜೂನಿನಲ್ಲಿ ಸಂಘದವರು ಚಂದ್ರುವನ್ನು ವೇದಿಕೆ ಹತ್ತಿಸಿ ಮಾತಾಡಿಸಿದರು. ನಾಲ್ಕು ಜನರ ಮುಂದೆ ನಿಂತರೆ ನಾಲಿಗೆ ತೊದಲುವ ಚಂದ್ರು, ಅವತ್ತು ಒಂದು ಚೀಟಿಯೂ ಇಲ್ಲದೆ ಮಾತಾಡಿದ. ಮೊದಮೊದಲು ಬರೆಯಲು ನಾಚಿಕೆಯಾಗುತ್ತಿದ್ದುದು, ಆಮೇಲೆ ಹಲ್ಲುಜ್ಜಿದಷ್ಟೇ ಸಹಜವಾದದ್ದು, ಬರೆಯಬೇಕಲ್ಲ ಎಂಬ ಸೋಮಾರಿತನಕ್ಕೇ ಎಷ್ಟೋ ಸಲ ಸಮೋಸ ಬಿಟ್ಟದ್ದು. ಜನ ನಕ್ಕರು, ಚಪ್ಪಾಳೆ ತಟ್ಟಿದರು. ಕೊನೆಯ ಸಾಲಿನಲ್ಲಿ ಕೂತಿದ್ದ ಇಂದುಶೇಖರನೂ ತಟ್ಟಿದ. ಒಂದೊಂದು ಚಪ್ಪಾಳೆಯೂ ತನ್ನ ಕೆನ್ನೆಗೇ ಬಿದ್ದಂತಿತ್ತು. ಅವನ ಜೀವನದಲ್ಲಿ ಅವನಿಗೆಂದು ಇದ್ದ ಹೆಸರು ಒಂದೇ, ಊಟದ್ದು. ಆ ಹೆಸರಿನ ಅರ್ಧ ಪಾಲುದಾರ ಈಗ ಊಟ ಕಡಿಮೆ ಮಾಡಿಯೇ ಇಡೀ ಹೆಸರು ಹೊತ್ತುಕೊಂಡು ಹೋಗುತ್ತಿದ್ದ.

ಮಾರನೆಯ ದಿನ ಕಾರ್ಖಾನೆಯ ಬಸ್ಸಿನಲ್ಲಿ ಕೂತು, ಪಕ್ಕದವರಿಗೆ ಕಾಣದಂತೆ, ತಿಂದದ್ದನ್ನು ಬರೆದಿಡುವ ಒಂದು ಆ್ಯಪ್ ಇಳಿಸಿಕೊಂಡ. ಚಂದ್ರುವಿಗಿಂತ ಬೇಗ, ಚಂದ್ರುವಿಗಿಂತ ಹೆಚ್ಚು ಇಳಿಯಬೇಕು. ದೀಪಾವಳಿಗೆ ಹೋಗಿ ಅವನ ಎದುರು ನಿಲ್ಲಬೇಕು. ಬೆಳಗಿನ ಇಡ್ಲಿ ಬರೆದ. ಮಧ್ಯಾಹ್ನದ ರೊಟ್ಟಿ ಬರೆದ. ಕ್ಯಾಂಟೀನಿನ ಬ್ರೆಡ್ ಪಕೋಡ ಬರೆಯುವಾಗ ಬೆರಳು ತಡೆಯಿತು. ಇದೊಂದು ಬಿಡೋಣ, ನಾಳೆಯಿಂದ ತಿನ್ನುವುದೇ ಇಲ್ಲವಲ್ಲ ಎಂದುಕೊಂಡ. ಮರುದಿನ ಐದು ರೊಟ್ಟಿ ತಿಂದು ಮೂರೆಂದು ಬರೆದ. ಹೀಗೆ ಆ್ಯಪಿನೊಳಗೆ ಒಬ್ಬ ಮಿತಾಹಾರಿ ಇಂದುಶೇಖರ ಬೆಳೆಯತೊಡಗಿದ. ಹೊರಗಿನವನು ಮಾತ್ರ ಒಂದು ಗುಂಜಿಯೂ ಇಳಿಯಲಿಲ್ಲ. ಅದೇ ವಾರ, ಅಳತೆ ಮಾಡದೆಯೇ ಅಂಕಿ ತುಂಬಿದ ಒಬ್ಬ ಕೆಲಸಗಾರನನ್ನು ಅವನು ಎಲ್ಲರೆದುರು ಬೈದಿದ್ದ. ಬೈದು ಬಂದು ಕುರ್ಚಿಯಲ್ಲಿ ಕೂತು, ಅರ್ಧ ಕಪ್ ಮೊಸರು ಎಂದು ಬರೆದ. ತಿಂದದ್ದು ಮೊಸರಲ್ಲ, ಕೆನೆಗಟ್ಟಿದ ಸಿಹಿ ರಾಬಡಿ.

ತಿಂಗಳಾಗುವ ಮೊದಲೇ ಆ ಆ್ಯಪನ್ನು ಅಳಿಸಿಹಾಕಿದ. ಆದರೆ ಒಂದು ಗುಮಾನಿ ತಲೆಯಲ್ಲಿ ಉಳಿಯಿತು. ತಾನು ಬರೆದದ್ದು ಹೀಗಿದ್ದರೆ ಚಂದ್ರು ಬರೆಯುವುದು ಇನ್ನು ಹೇಗಿರಬೇಡ? ಅವನೂ ಕದ್ದು ತಿನ್ನುತ್ತಿರಲೇಬೇಕು. ಆ ನಾಲಗೆ ತನಗೆ ಗೊತ್ತಿಲ್ಲದ್ದೇ?

ಗುಮಾನಿ ನಿಜವಾದ ದಿನ ಅವನಿಗೆ ಆದ ಸಂತೋಷ ಮಗಳು ಪಾಸಾದಾಗಲೂ ಆಗಿರಲಿಲ್ಲ. ಜುಲೈನ ಒಂದು ಶನಿವಾರ, ಸಣ್ಣ ಮಳೆ ಬಿದ್ದು ನಿಂತಿತ್ತು. ಕೃತಿಯ ಕನ್ನಡಕ ತರಲೆಂದು ಇಂದುಶೇಖರ ಪೀತಮ್‌ಪುರದ ಮಾರುಕಟ್ಟೆಗೆ ಹೋಗಿದ್ದ. ಅವರಿಬ್ಬರೂ ಹುಡುಗರಾಗಿದ್ದಾಗಿನಿಂದ ಹೋಗುತ್ತಿದ್ದ ಛೋಲೆ ಭಟೂರೆ ಅಂಗಡಿಯ ಮುಂದೆ ಹಾದುಹೋಗುವಾಗ ಒಳಗಿನ ಬೆಂಚಿನಲ್ಲಿ ಒಬ್ಬನೇ ಕೂತ ಚಂದ್ರು ಕಂಡ. ಮುಂದೆ ತಟ್ಟೆ. ತಟ್ಟೆಯಲ್ಲಿ ಚೆಂಡಿನಂತೆ ಉಬ್ಬಿದ ಭಟೂರೆ. ಕಣ್ಣು ಅರೆಮುಚ್ಚಿ ತಿನ್ನುತ್ತಿದ್ದ.

ಇಂದುಶೇಖರ ಹಣ್ಣಿನ ಗಾಡಿಯ ಮರೆಗೆ ಸರಿದ. "ಕ್ಯಾ ಚಾಹಿಯೇ, ಭಾಯ್‌ಸಾಬ್?" ಎಂದು ಗಾಡಿಯವನು ಕೇಳಿದ್ದಕ್ಕೆ "ರುಕೋ ಭಯ್ಯಾ, ರುಕೋ" ಎಂದು ಫೋಟೋ ಹೊಡೆದ. ಅವಸರದಲ್ಲಿ ಮೊದಲನೆಯದು ಮಸುಕಾಯಿತು. ಎರಡನೆಯದು ಸ್ಫುಟವಾಗಿ ಬಂತು: ಚಂದ್ರುವಿನ ತೆರೆದ ಬಾಯಿ, ಬಾಯಿಯ ಮುಂದೆ ತುತ್ತು.

ಮೆಟ್ರೋದಲ್ಲಿ ಕೂತು, ಸಂಘದ ಎಲ್ಲರೂ ಇರುವ ದೊಡ್ಡ ಗುಂಪಿಗೆ ಅದನ್ನು ಹಾಕಿದ. ಕೆಳಗೆ ಬರೆದ: "ನಮ್ಮ ಗುರುಗಳು ಇಂದು ಉಪವಾಸದಲ್ಲಿದ್ದಾರೆ."

ರೋಹಿಣಿ ಬರುವುದರೊಳಗೆ ಚಂದ್ರುವಿನ ಉತ್ತರ ಬಂತು. "ಹೌದು, ಭಟೂರೆ ಎರಡು. ಆಗಲೇ ಬರೆದಿದ್ದೇನೆ. ಒಂದು ದೊಡ್ಡ ಲೋಟ ಲಸ್ಸಿಯೂ ಕುಡಿದೆ, ಅದು ಫೋಟೋದಲ್ಲಿ ಬಂದಿಲ್ಲ."

ಅದರ ಹಿಂದೆಯೇ ಯಾರೋ 'ತಿಂದದ್ದು' ಗುಂಪಿನ ಅವನ ಬರಹವನ್ನು ತಂದು ಅಂಟಿಸಿದರು. ಭಟೂರೆ, ಛೋಲೆ, ಉಪ್ಪಿನಕಾಯಿ, ಲಸ್ಸಿ, ಎಲ್ಲವೂ ಅಲ್ಲಿತ್ತು. "ಇವತ್ತು ಆಸೆ ತಡೆಯಲಿಲ್ಲ, ತಿಂದೆ, ಬಹಳ ಚೆನ್ನಾಗಿತ್ತು" ಎಂದೂ ಬರೆದಿದ್ದ. ಆಮೇಲೆ ನಗುವ ಮುಖಗಳ ಮಳೆ ಸುರಿಯಿತು. ಅವು ಯಾರನ್ನು ನೋಡಿ ನಗುತ್ತಿವೆ ಎಂದು ಇಂದುಶೇಖರನಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ.

ಮನೆಯಲ್ಲಿ ಸರಳಾ ಬಾಗಿಲಲ್ಲೇ ನಿಂತಿದ್ದಳು. "ಮರೆಯಲ್ಲಿ ನಿಂತು ಫೋಟೋ ತೆಗೆದ್ರಾ? ಚಂದ್ರಣ್ಣಂದು?"

"ತಮಾಷೆಗೆ ಕಣೆ."

"ನನಗೆ ತಮಾಷೆ ಅನ್ನಿಸ್ಲಿಲ್ಲ ರೀ" ಎಂದು ಒಳಗೆ ಹೋದಳು. ಅಡುಗೆಮನೆಯಲ್ಲಿ ಪಾತ್ರೆಗಳ ಸದ್ದು ಎಂದಿಗಿಂತ ಜೋರಾಗಿ ಕೇಳಿತು.

ಸಂಜೆ ಚಂದ್ರುವೇ ಫೋನು ಮಾಡಿದ. ಇಂದುಶೇಖರ ಬೈಗುಳಕ್ಕೆ ಮೈ ಗಟ್ಟಿ ಮಾಡಿಕೊಂಡು ಎತ್ತಿದ.

"ಅಲ್ಲಿವರೆಗೂ ಬಂದವನು ಒಳಗೆ ಬರಬಾರದಿತ್ತೇನೋ?" ಎಂದ ಚಂದ್ರು. ದನಿಯಲ್ಲಿ ಸಿಟ್ಟಿತ್ತು, ಆದರೆ ಇಂದುಶೇಖರ ಕಾದಿದ್ದ ಸಿಟ್ಟಲ್ಲ. "ನಾಲ್ಕು ತಿಂಗಳಾಯ್ತು ನೀನು ನನ್ನ ಜೊತೆ ಒಂದು ತುತ್ತು ತಿಂದು. ಕರೆದಾಗಲೆಲ್ಲ ಕೆಲಸ ಅಂತೀಯ. ಒಬ್ಬನೇ ಕೂತು ಭಟೂರೆ ತಿಂದಿದ್ದು ಇದೇ ಮೊದಲು ಕಣೋ ನಾನು."

ನೀನು ಉಂಡರೆ ಚಪ್ಪಾಳೆ, ನಾನು ಉಂಡರೆ ಬುದ್ಧಿವಾದ, ನಿನ್ನ ಪಕ್ಕ ಕೂತರೆ ನನ್ನ ಹೊಟ್ಟೆ ದೊಡ್ಡದಾಗಿ ಕಾಣುತ್ತದೆ ಎಂದು ಇಂದುಶೇಖರ ಹೇಳಬೇಕಿತ್ತು. "ಮಳೆ ಇತ್ತು" ಎಂದ. ಎಷ್ಟು ಪೆದ್ದು ಮಾತು ಎಂದು ಆಡಿದ ಮೇಲೆ ತಿಳಿಯಿತು.

"ಅಚ್ಛಾ, ಮಳೆ" ಎಂದು ಚಂದ್ರು ಫೋನು ಇಟ್ಟ.

ಎರಡು ವಾರ ಇಂದುಶೇಖರ ಸಂಘದ ಕಡೆ ತಲೆ ಹಾಕಲಿಲ್ಲ. ಮೂರನೆಯ ವಾರ, ತಿಂಡಿಯ ಹೊತ್ತಿಗೆ, ಸರಳಾಳ ಮುಖ ನೋಡದೆಯೇ "ಆ ಗುಂಪಿಗೆ ನನ್ನೂ ಹಾಕು" ಎಂದ. ಅವಳು ಏನೂ ಕೇಳದೆ ಸೇರಿಸಿದಳು. ಅಂದು ಅವನು ಬರೆದದ್ದು ಆ ಗುಂಪು ಕಂಡ ಅತ್ಯಂತ ಉದ್ದದ ಪಟ್ಟಿ. ಕ್ಯಾಂಟೀನಿನ ಪಕೋಡ, ಬಸ್ಸಿನಲ್ಲಿ ಸಹೋದ್ಯೋಗಿ ಕೊಟ್ಟ ಕರಿದ ಮಠರಿ, ಫ್ರಿಜ್ಜಿನ ಬಾಗಿಲು ತೆರೆದು ನಿಂತೇ ತಿಂದ ಲಾಡು, ಎಲ್ಲವನ್ನೂ ಬರೆದ. ಕಳಿಸುವಾಗ ಕಿವಿ ಬಿಸಿಯಾಗಿತ್ತು. ಯಾರೂ ನಗಲಿಲ್ಲ. ಚಂದ್ರು ಮೆಚ್ಚುಗೆಯ ಒಂದು ಹೆಬ್ಬೆರಳು ಒತ್ತಿದ, ಅಷ್ಟೆ.

ಅವನು ಒಳ್ಳೆಯವನಾಗಿ ಬರೆಯತೊಡಗಿದ ಎಂದುಕೊಳ್ಳಬೇಡಿ. ಬೆಳಿಗ್ಗೆ ಚಂದ್ರು "ಅವಲಕ್ಕಿ, ಒಂದು ಬಟ್ಟಲು" ಎಂದು ಹಾಕುವ ಮೊದಲೇ ತಾನು ಹಾಕಬೇಕೆಂಬ ಹಟ ಹಿಡಿಯಿತು. ಒಂದು ಹೊತ್ತು ತಪ್ಪಿದರೆ ಚಂದ್ರು ಮುಂದೆ ಹೋದಂತೆ. ಸುಳ್ಳು ಬರೆದರೆ ಚಂದ್ರುವಿನ ಲಸ್ಸಿ ಕಣ್ಣಿಗೆ ಕಟ್ಟುತ್ತಿತ್ತು. ಆ ಲಸ್ಸಿಗಿಂತ ಕಡಿಮೆ ಪ್ರಾಮಾಣಿಕನಾಗಲು ಅಭಿಮಾನ ಬಿಡಲಿಲ್ಲ. ಬೇರೆಯವರನ್ನು ಛಲವೋ ವಿವೇಕವೋ ದಾರಿಗೆ ಹಚ್ಚುತ್ತದೆ, ಇಂದುಶೇಖರನನ್ನು ಮತ್ಸರ ಹಚ್ಚಿತು. ಬೆಲ್ಟಿನ ತೂತು ಒಂದು ಒಳಗೆ ಸರಿಯಿತು. ಸರಳಾ ಯಾರೊಂದಿಗೋ ಫೋನಿನಲ್ಲಿ "ನಮ್ಮ ಮನೆಯವರು ಹೇಳ್ತಾರೆ, ಹಸಿವಾದಾಗ ಬರೆಯೋದಲ್ಲ, ತಿಂದಾಗ ಬರೀಬೇಕು ಅಂತ" ಎಂದದ್ದು ಒಮ್ಮೆ ಕಿವಿಗೆ ಬಿತ್ತು. ಆ ದಿನವೆಲ್ಲ ಅವನು ಕಾರಣವಿಲ್ಲದೆ ಶಿಳ್ಳೆ ಹೊಡೆಯುತ್ತಿದ್ದ.

ಸೆಪ್ಟೆಂಬರ್ ಕೊನೆಯಲ್ಲಿ ಚಂದ್ರುವಿನ ಬರಹ ಇದ್ದಕ್ಕಿದ್ದಂತೆ ನಿಂತಿತು. ಮೊದಲ ದಿನ ಇಂದುಶೇಖರನಿಗೆ ಖುಷಿಯಾಯಿತು. ಕೊನೆಗೂ ತಪ್ಪಿದ! ಬೇಕೆಂದೇ ತನ್ನ ಊಟವನ್ನು ವಿವರವಾಗಿ ಬರೆದ. ಎರಡನೆಯ ದಿನವೂ ಚಂದ್ರು ಬರೆಯಲಿಲ್ಲ. ಎರಡನೇ ದಿನ ತಪ್ಪಬಾರದು ಎಂದವನೇ ಅವನು. ಇಂದುಶೇಖರನಿಗೆ ಮಧ್ಯಾಹ್ನದ ರೊಟ್ಟಿ ಸೇರಲಿಲ್ಲ. ಚಂದ್ರುವಿನ ಹೆಂಡತಿ ಮೈತ್ರೇಯಿಗೆ ಫೋನು ಮಾಡಿದ.

"ಡೆಂಗಿ, ಇಂದಣ್ಣ" ಎಂದಳು ಅವಳು. "ಆಸ್ಪತ್ರೆಯಿಂದ ಇವತ್ತು ಮನೆಗೆ ಕರ್ಕೊಂಡ್ ಬಂದೆ. ಬಾಯಿಗೆ ಏನೂ ತಗೋತಿಲ್ಲ."

ಭಾನುವಾರ ಬೆಳಿಗ್ಗೆ ಅವನು ಅನ್ನದ ಗಂಜಿ ಮಾಡಿಸಿಕೊಂಡು, ಮೇಲೆ ಒಂದು ಚೂರು ನಿಂಬೆ ಉಪ್ಪಿನಕಾಯಿ ಇಟ್ಟುಕೊಂಡು ಪೀತಮ್‌ಪುರಕ್ಕೆ ಹೋದ. ಚಂದ್ರು ಗೋಡೆಗೆ ಒರಗಿ ಕೂತಿದ್ದ. ಈಗಿನ ಅವನ ತೆಳುವು ಯಾರೂ ಆಸೆಪಡುವಂಥದ್ದಾಗಿರಲಿಲ್ಲ.

"ನನ್ನ ಹಿಂದೆ ಹಾಕೋಕೆ ಇದೇ ಸಮಯ ಅಂತ ಬಂದ್ಯಾ?" ಎಂದ, ಒಣಗಿದ ತುಟಿಯಲ್ಲಿ.

"ಬಾಯಿ ತೆಗಿ ಮೊದಲು."

ಇಂದುಶೇಖರ ಗಂಜಿ ಕುಡಿಸಿದ. ಚಂದ್ರು ಸ್ವಲ್ಪ ತೆಗೆದುಕೊಂಡು ಸಾಕೆಂದು ತಲೆಯಾಡಿಸಿದ. ಆಮೇಲೆ ದಿಂಬಿನ ಪಕ್ಕದ ಫೋನನ್ನು ಕಣ್ಣಲ್ಲೇ ತೋರಿಸಿದ. ಇಂದುಶೇಖರ ಅದನ್ನು ಎತ್ತಿಕೊಂಡು ಅವನ ಪರವಾಗಿ ಬರೆದು ಓದಿ ಹೇಳಿದ: "ಗಂಜಿ, ಎರಡು ಚಮಚ."

"ಮೂರು" ಎಂದ ಚಂದ್ರು ಕಣ್ಣು ಮುಚ್ಚಿಕೊಂಡು. "ಸರಿಯಾಗಿ ಬರಿ."

ಮೂರು ಎಂದು ತಿದ್ದಿ ಕಳಿಸಿದ. ಮರಳಿ ಬರುವಾಗ ಮೆಟ್ರೋದಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಮನಸ್ಸು ಹಗುರಾಗಿತ್ತು. ಫೋನು ತೆರೆದು ನೋಡಿದ. ಚಂದ್ರುವಿನ ಗಂಜಿಯ ಕೆಳಗೆ ಇಡೀ ಗುಂಪೇ ಬಂದು ಹೃದಯಗಳನ್ನು ಸುರಿದಿತ್ತು, ಸರಳಾಳದೂ ಅದರಲ್ಲಿತ್ತು. ತನ್ನ ಬೆಳಗಿನ ಉಪ್ಪಿಟ್ಟಿನ ಕೆಳಗೆ ಒಂದೇ ಒಂದು ಹೆಬ್ಬೆರಳು.

ಮೂರು ಚಮಚ ಗಂಜಿಗೆ ಇಷ್ಟೊಂದೇ, ಎಂದುಕೊಂಡ ಇಂದುಶೇಖರ. ಹೊಟ್ಟೆಯಲ್ಲಿ ಸಣ್ಣಗೆ ಉರಿಯಿತು. ಆದರೂ ತಾನೂ ಒಂದು ಹೃದಯ ಒತ್ತಿ, ಫೋನನ್ನು ಜೇಬಿಗೆ ಹಾಕಿಕೊಂಡ.