ರವದಿಯಲ್ಲಿ ಕಳೆದುಹೋದ ನಿಂಬೆಹಣ್ಣುಗಳು

ಬೆಳಗಿನ ಚಹಾದ ಬಸಿಯಲ್ಲಿ ನನ್ನ ಶ್ರೀಮತಿ ಮಹಾದೇವಿ ಒಂದು ಕೊಳೆತ ನಿಂಬೆಹಣ್ಣನ್ನು ತಂದಿಟ್ಟಳು. ಚಹಾ ತರಲಿಲ್ಲ.

"ನಿಮ್ಮ ರವದ್ಯಾಗ ಸಿಕ್ಕೈತಿ. ಇಂಥಾವು ಇನ್ನ ಬುಟ್ಟಿಗಟ್ಲೆ ಅದಾವ. ಇವತ್ತ ಇದನ್ನ ಹಿಂಡ್ಕೊಂಡು ಕುಡೀರಿ," ಎಂದಳು.

ವಿಷಯವನ್ನು ಕ್ರಮವಾಗಿ ಹೇಳುತ್ತೇನೆ.

ಇಂಡಿಯಿಂದ ಆಲಮೇಲದ ಕಡೆಗೆ ಬರುವ ರಸ್ತೆಯ ಮಗ್ಗುಲಿಗೆ ನಮ್ಮದೊಂದು ಚಿಕ್ಕ ನಿಂಬೆಯ ತೋಟವಿದೆ. ನಾನು ಶಾಲೆಯಲ್ಲಿ ಪಾಠ ಹೇಳುತ್ತಿದ್ದ ವರ್ಷಗಳಲ್ಲಿ ಸಸಿಗಳನ್ನು ನೆಟ್ಟು, ಕೊಡದಲ್ಲಿ ನೀರು ಹೊತ್ತು ಬೆಳೆಸಿದವಳು ಮಹಾದೇವಿ. ಗಿಡಗಳು ಅವಳವು, ನಾನು ನಿವೃತ್ತಿಯ ನಂತರ ಬಂದು ಸೇರಿಕೊಂಡವನು.

ನಮ್ಮಲ್ಲಿ ನಿಂಬೆಯನ್ನು ಕೀಳುವುದಿಲ್ಲ. ಹಣ್ಣಾದದ್ದು ತಾನಾಗಿ ಉದುರಬೇಕು, ಅದನ್ನು ಬೆಳಗಿನಲ್ಲಿ ಆರಿಸಬೇಕು. ಆದ್ದರಿಂದ ಗಿಡದ ಬುಡವನ್ನು ಮನೆಯಂಗಳದಂತೆ ದಿನಾಲೂ ಗುಡಿಸಿಡುತ್ತೇವೆ. ಬುಡದಲ್ಲಿ ಕಸ ಕಂಡರೆ, ಆ ಮನೆಯವರು ಸೋಮಾರಿಗಳೆಂದು ದಾರಿಹೋಕರೂ ತೀರ್ಮಾನಿಸಿಬಿಡುತ್ತಾರೆ.

ಆದರೆ ಬರಿಯ ನೆಲ ಬಿಸಿಲಿಗೆ ಬಿರಿಯುತ್ತದೆ. ಈ ಬೇಸಿಗೆಯಲ್ಲಿ ಬೋರಿನ ನೀರು ಸಣ್ಣಗಾಯಿತು. ಮಧ್ಯಾಹ್ನವಾಗುತ್ತಲೇ ಎಲೆಗಳು ಮುದುಡತೊಡಗಿದವು. ಮಳೆಗಾಲದವರೆಗೆ ಗಿಡಗಳು ಉಳಿಯುತ್ತವೆಯೋ ಇಲ್ಲವೋ... ಮಹಾದೇವಿ ಸಂಜೆ ತೋಟದಿಂದ ಬಂದವಳು ಖಾಲಿ ಕೊಡದ ಪಕ್ಕದಲ್ಲಿ ಕುಳಿತುಬಿಡುತ್ತಿದ್ದಳು.

ಆ ದಿನಗಳಲ್ಲಿ ನಾನು ಮೊಬೈಲಿನಲ್ಲಿ ಪರ್ಮಾಕಲ್ಚರ್ ಕುರಿತ ವಿಡಿಯೋಗಳನ್ನು ನೋಡುತ್ತಿದ್ದೆ. ಅದನ್ನು 'ಶಾಶ್ವತ ಕೃಷಿ' ಎಂದು ಕನ್ನಡಿಸುವವರಿದ್ದಾರೆ. ನನಗೆ ಒಪ್ಪಿಗೆಯಿಲ್ಲ, ಶಾಶ್ವತವೆಂಬುದು ಬಹಳ ದೊಡ್ಡ ಮಾತು. 'ಇದ್ದುದರಲ್ಲಿ ಬಾಳುವ ಬೇಸಾಯ' ಎಂದರೆ ಸಾಕು.

ಅದರ ಮೊದಲ ಪಾಠ, ನೆಲವನ್ನು ಬತ್ತಲೆ ಬಿಡಬಾರದು. ಸುತ್ತಮುತ್ತ ಬಿದ್ದಿರುವ ಕಸವೇ ಅದಕ್ಕೆ ಹೊದಿಕೆ.

ಪಕ್ಕದ ಕಬ್ಬಿನ ಹೊಲ ಖಾಜಾಸಾಬರದು. ಕಬ್ಬು ಕಡಿದ ಮೇಲೆ ಉಳಿಯುವ ಒಣಗಿದ ಎಲೆಗೆ ನಮ್ಮಲ್ಲಿ ರವದಿ ಎನ್ನುತ್ತಾರೆ. ಅವರು ಪ್ರತಿವರ್ಷವೂ ಅದಕ್ಕೆ ಬೆಂಕಿ ಹಚ್ಚುವವರು. ಹಚ್ಚುವ ಮೊದಲೇ ಹೋಗಿ ಕೇಳಿದೆ.

"ಏನ್ರಿ ಮಾಸ್ತರ್! ಮಂದಿ ಕಬ್ಬ ಕೇಳಾಕ ಬರ್ತಾರ, ನೀವು ಕಸಾ ಕೇಳಾಕ ಬಂದೀರಿ. ಒಯ್ರಿ, ಒಯ್ರಿ. ನಂದೊಂದು ಕಡ್ಡಿಪೆಟ್ಟಿಗಿ ಉಳೀತು."

ಅವರೇ ಟ್ರ್ಯಾಕ್ಟರಿನಲ್ಲಿ ಹೇರಿ ಕಳುಹಿಸಿದರು. ನಾನು ಪ್ರತಿ ಗಿಡದ ಸುತ್ತಲೂ, ಬೊಡ್ಡೆಗೆ ತಾಗದಂತೆ ಒಂದು ಗೇಣು ಬಿಟ್ಟು, ಮೊಣಕಾಲೆತ್ತರಕ್ಕೆ ಹಾಸಿದೆ.

ಖಾಜಾಸಾಬರು ಬದುವಿನ ಮೇಲೆ ನಿಂತು ಕೂಗಿದರು: "ಅಕ್ಕಾರ, ಮಾಸ್ತರು ನಿಂಬಿಗಿಡಕ್ಕ ಗಾದಿ ಹಾಸ್ಯಾರ ನೋಡ್ರಿ! ತಲಿದಿಂಬೊಂದು ಬಾಕಿ ಉಳದೈತಿ!"

ಮಹಾದೇವಿ ನಗಲಿಲ್ಲ.

ನಾನು ಎಣಿಸದೆ ಇದ್ದ ಸಂಗತಿಯೊಂದಿತ್ತು. ಉದುರಿದ ಹಣ್ಣುಗಳು ರವದಿಯ ಸಂದುಗಳಲ್ಲಿ ಇಳಿದು ಮಾಯವಾಗತೊಡಗಿದವು. ಮುಳ್ಳುಕೊಂಬೆಗಳ ಕೆಳಗೆ ಬಗ್ಗಿ, ಕೆದಕಿ ಕೆದಕಿ, ಅವಳು ಅರ್ಧ ಬುಟ್ಟಿಯೊಂದಿಗೆ ಕೈಯೆಲ್ಲ ಗೀರಿಸಿಕೊಂಡು ಬರುವಳು. ಸಿಗದವು ಅಲ್ಲಿಯೇ ಕೊಳೆತವು.

ಬಸಿಗೆ ಬಂದದ್ದು ಅಂಥದೊಂದು ಹಣ್ಣು.

"ಸಂಜಿಯೊಳಗ ಎಲ್ಲಾ ಎಳದ್ ಹಾಕ್ರಿ. ಇಷ್ಟ ದಿನಾ ಹೆಂಗ ಸಾಕೀನಿ, ಹಂಗ ಸಾಕ್ತೇನಿ ನನ್ನ ಗಿಡಾ."



ಬಿಸಿಲು ಇಳಿಯುವ ಹೊತ್ತಿಗೆ ಇಬ್ಬರೂ ಹೋದೆವು. ಮೊದಲನೆಯ ಗಿಡದ ಬುಡದಿಂದ ನಾನು ರವದಿಯ ಒಂದು ತೆಕ್ಕೆಯನ್ನು ಸರಿಸಿದೆ...

ಕೆಳಗೆ ಮಣ್ಣು ಹಸಿಯಾಗಿತ್ತು. ಕಪ್ಪಗೆ, ತಣ್ಣಗೆ, ಎಲ್ಲಿಯೋ ದೂರದಲ್ಲಿ ಬೆಲ್ಲ ಕಾಯಿಸಿದಂಥ ವಾಸನೆ. ಎರೆಹುಳುವೊಂದು ಬೆಳಕನ್ನು ಕಂಡು ಮೆಲ್ಲನೆ ಒಳಸರಿಯಿತು.

ಮಹಾದೇವಿ ಅಂಗೈಯನ್ನು ಮಣ್ಣಿನ ಮೇಲಿಟ್ಟಳು, ಜ್ವರ ನೋಡುವಂತೆ. ಬಹಳ ಹೊತ್ತು ತೆಗೆಯಲಿಲ್ಲ.

ನಂತರ ತಲೆಯೆತ್ತಿದಳು. ಎಲೆಗಳು ಮುದುಡಿರಲಿಲ್ಲ. ಹಣ್ಣು ಹುಡುಕುವ ಗದ್ದಲದಲ್ಲಿ ನಾವಿಬ್ಬರೂ ಅಷ್ಟು ದಿನ ಕೆಳಗೇ ನೋಡುತ್ತಿದ್ದೆವು.

"ತಗೀಬ್ಯಾಡ್ರಿ," ಎಂದಳು.

"ಮತ್ತ ಹಣ್ಣು?" ಎಂದು ನಾನೇ ಕೇಳಬೇಕಾಯಿತು. ಅವಳು ನಾನು ಸರಿಸಿದ್ದ ತೆಕ್ಕೆಯನ್ನು ಮತ್ತೆ ಬುಡಕ್ಕೆ ಹಾಸಿದಳು.

ಮರುದಿನ ನಾನು ಎದ್ದಾಗ ಅವಳ ಟ್ರಂಕು ತೆರೆದಿತ್ತು, ಒಳಗೆ ಏನೂ ಇರಲಿಲ್ಲ. ಮಗಳು ಬಸುರಿ. ಹುಟ್ಟುವ ಕೂಸಿಗೆ ಕೌದಿ ಹೊಲಿಯಲೆಂದು ಅವಳು ತನ್ನ ಅವ್ವನ, ನನ್ನ ಅವ್ವನ, ತನ್ನ ಹಳೆಯ ಸೀರೆಗಳನ್ನೆಲ್ಲ ಅದರಲ್ಲಿ ಮಡಿಸಿಟ್ಟಿದ್ದಳು.

ತೋಟಕ್ಕೆ ಓಡಿದೆ.

ಇನ್ನೂ ಸೂರ್ಯ ಹುಟ್ಟಿಲ್ಲ. ಗಿಡಗಳ ಕೆಳಗೆ, ರವದಿಯ ಮೇಲೆ, ಸಾಲುಸಾಲಾಗಿ ಸೀರೆಗಳು ಹಾಸಿವೆ. ನನ್ನ ಅವ್ವನ ಇಳಕಲ್ ಸೀರೆಯ ಕೆಂಪು ಸೆರಗಿನಲ್ಲಿ ಹಳದಿ ಹಣ್ಣುಗಳು ತಾವಾಗಿ ಉರುಳಿ ಬಂದು ಒಂದೆಡೆ ಕೂಡಿವೆ. ಮಹಾದೇವಿ ಬಗ್ಗದೆ, ಸೀರೆಯ ಎರಡು ಚುಂಗುಗಳನ್ನು ಎತ್ತಿ, ಅವನ್ನು ಬುಟ್ಟಿಗೆ ಜಾರಿಸುತ್ತಿದ್ದಾಳೆ.

"ಕೂಸಿನ ಕೌದಿ?" ಎಂದೆ.

"ಕೂಸು ಬರೂದು ಶ್ರಾವಣದಾಗ. ಅಷ್ಟೊತ್ತಿಗೆ ಮಳಿ ಬರತೈತಿ, ಗಿಡಾ ಸೀರಿ ತಿರಗಿ ಕೊಡ್ತಾವ. ಒಗದು ಹೊಲೀತೇನಿ. ಈಗ ಇವು ನನ್ನ ಕೂಸಲ್ಲೇನ್ರಿ?"

ಬದುವಿನಿಂದ ಖಾಜಾಸಾಬರ ದನಿ ಬಂತು: "ಅಕ್ಕಾರ, ಗಾದಿ ಮ್ಯಾಲ ಚಾದರಾನೂ ಬಂತೇನ್ರಿ?"

ಈ ಸಲ ಮಹಾದೇವಿ ನಕ್ಕಳು.

ಈಗ ಪ್ರತಿದಿನ ಸಂಜೆ ಹಾಸುತ್ತೇವೆ, ಬೆಳಗ್ಗೆ ಝಾಡಿಸಿ ಮಡಿಸುತ್ತೇವೆ. ನಸುಕಿನಲ್ಲಿ ತೋಟದ ನಡುವೆ ಸುಮ್ಮನೆ ಕುಳಿತಿರುತ್ತೇನೆ. ಒಂದು ಹಣ್ಣು ಕಳಚಿ ಸೀರೆಯ ಮೇಲೆ ಬೀಳುತ್ತದೆ... ಸ್ವಲ್ಪ ಹೊತ್ತಿನ ನಂತರ, ಆಚೆ ಎಲ್ಲಿಯೋ, ಇನ್ನೊಂದು. ಜೀವಮಾನವಿಡೀ ಕನ್ನಡ ಕಲಿಸಿದೆ. ಆ ಸದ್ದಿಗೆ ತಕ್ಕ ಪದ ನನಗಿನ್ನೂ ದೊರೆತಿಲ್ಲ.

ತೋಟದ ಕೊನೆಯ ಎರಡು ಸಾಲು ಗಿಡಗಳಿಗೆ ಮಾತ್ರ ಸೀರೆ ಸಾಲುತ್ತಿಲ್ಲ. ಹರಿದಿದ್ದರೂ ನಡೆಯುತ್ತದೆ ಎಂದು ಮಹಾದೇವಿ ಬರೆಯಲು ಹೇಳಿದ್ದಾಳೆ... ಮಳೆ ಬರುವವರೆಗೆ ಆ ಗಿಡಗಳಿಗೆ ಎರವಲು ಕೊಡಬಹುದಾದ ಸೀರೆ ನಿಮ್ಮ ಟ್ರಂಕಿನ ತಳದಲ್ಲಿದೆಯೇ?